ಹಾರುವ ಆಂಬುಲೆನ್ಸ್‌ನ ಹರಿಕಾರ ಡೊಮಿನಿಕ್ ಜೀನ್ ಲಾರೆ

ಸೈರನ್ ಕೂಗುತ್ತಾ ಆಂಬುಲೆನ್ಸ್ ಬಂದರೆ ನಾವು ರಸ್ತೆಯ ಬದಿಗೆ ಸರಿದು ದಾರಿ ಬಿಡುತ್ತೇವೆ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108 ಸೇವೆ ಆರಂಭವಾದ ಮೇಲಂತೂ ಹಳ್ಳಿಯ ಶಾಲಾ ಮಕ್ಕಳಿಗೂ ಆ ಮೂರು ಅಂಕಿಗಳು ಬಾಯಿಪಾಠವಾಗಿವೆ. ಗಾಯಗೊಂಡವನು ಬಿದ್ದ ಜಾಗಕ್ಕೇ ಚಿಕಿತ್ಸೆ ತಲುಪಬೇಕು, ಅಲ್ಲಿಂದ ಅವನನ್ನು ಮಲಗಿಸಿಕೊಂಡೇ ಆಸ್ಪತ್ರೆಗೆ ಸಾಗಿಸಬೇಕು ಎಂಬುದು ಇಂದು ನಮಗೆ ತೀರಾ ಸಹಜವಾಗಿ ಕಾಣುತ್ತದೆ. ಆದರೆ ಇನ್ನೂರ ಮೂವತ್ತು ವರ್ಷಗಳ ಹಿಂದೆ ಯುರೋಪಿನ ಯಾವ ಸೈನ್ಯಕ್ಕೂ ಇದು ಸಹಜವಾಗಿರಲಿಲ್ಲ. ಇದನ್ನು ಸಾಧಿಸಿ ತೋರಿಸಲು ಒಬ್ಬ ಚಮ್ಮಾರನ ಮಗ ತನ್ನ ಆಯುಷ್ಯದ ಬಹುಭಾಗವನ್ನು ಸವೆಸಬೇಕಾಯಿತು. ಆತನೇ ಫ್ರಾನ್ಸಿನ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ. ವೈದ್ಯಕೀಯ ಓದಬೇಕೆಂದಿರುವ, ನರ್ಸಿಂಗ್ ಅಥವಾ ಅರೆವೈದ್ಯಕೀಯ ಕೋರ್ಸುಗಳಿಗೆ ಸೇರಿರುವ ನಮ್ಮ ವಿದ್ಯಾರ್ಥಿಗಳು ಈ ಹೆಸರನ್ನು ಪಠ್ಯಪುಸ್ತಕದ ಯಾವುದೋ ಮೂಲೆಯಲ್ಲಿ ನೋಡಿರಬಹುದು. ಅವರ ಬದುಕು ಆ ಮೂಲೆಗಿಂತ ಬಹಳ ದೊಡ್ಡದು.

ಲಾರೆ ಹುಟ್ಟಿದ್ದು 1766ರ ಜುಲೈ 8ರಂದು, ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರಿನೀಸ್ ಪರ್ವತದ ಬುಡದಲ್ಲಿರುವ ಬೋದಿಯಾನ್ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಪಾದರಕ್ಷೆ ಹೊಲಿದು ಸಂಸಾರ ಸಾಗಿಸುತ್ತಿದ್ದರು. ಡೊಮಿನಿಕ್ ಇನ್ನೂ ಚಿಕ್ಕವನಿರುವಾಗಲೇ ಅವರು ತೀರಿಕೊಂಡರು. ಊರಿನ ಪಾದ್ರಿ ಹುಡುಗನಿಗೆ ಅಕ್ಷರ ಕಲಿಸಿದರು. ಹದಿಮೂರು ವರ್ಷ ತುಂಬಿದ ಮೇಲೆ ಹುಡುಗ ಟುಲೂಸ್ ನಗರದ ದಾರಿ ಹಿಡಿದ. ಅಲ್ಲಿ ಚಿಕ್ಕಪ್ಪ ಅಲೆಕ್ಸಿ ಲಾರೆ ಹೆಸರಾಂತ ಶಸ್ತ್ರವೈದ್ಯರಾಗಿದ್ದರು. ನೂರು ಕಿಲೋಮೀಟರಿಗೂ ಹೆಚ್ಚಿನ ಆ ದಾರಿಯನ್ನು ಹುಡುಗ ಕಾಲ್ನಡಿಗೆಯಲ್ಲೇ ಸವೆಸಿದ. ಓದಲೆಂದು ಊರು ಬಿಟ್ಟು, ಬಂಧುಗಳ ಮನೆಯಲ್ಲಿ ಉಳಿದು ಕಲಿತವರು ನಮ್ಮಲ್ಲೂ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಈ ಹುಡುಗನ ಮನಸ್ಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕಪ್ಪನ ಕೈಕೆಳಗೆ ಹಲವು ವರ್ಷ ಕಲಿತ ಲಾರೆ 1787ರಲ್ಲಿ ಪ್ಯಾರಿಸ್ಸಿಗೆ ಬಂದರು. ನೌಕಾಪಡೆಯ ಪರೀಕ್ಷೆ ಗೆದ್ದು, ಹಡಗಿನ ವೈದ್ಯರಾಗಿ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡಿನವರೆಗೆ ಹೋಗಿ ಬಂದರು. ಸಮುದ್ರ ಅವರಿಗೆ ಒಗ್ಗಲಿಲ್ಲ. ಹಿಂದಿರುಗಿ ಪ್ಯಾರಿಸ್ಸಿನ ದೊಡ್ಡಾಸ್ಪತ್ರೆ ಓತೆಲ್ ದ್ಯೂನಲ್ಲಿ ಅಂದಿನ ಪ್ರಖ್ಯಾತ ಶಸ್ತ್ರವೈದ್ಯ ದೆಸೋ ಅವರ ಶಿಷ್ಯರಾದರು. ಅಷ್ಟರಲ್ಲಿ 1789 ಬಂತು. ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ ಬೀದಿಗಿಳಿದ ವಿದ್ಯಾರ್ಥಿಗಳಲ್ಲಿ ಲಾರೆಯೂ ಒಬ್ಬರು. ಎಲ್ಲ ಮನುಷ್ಯರೂ ಸಮಾನರು ಎಂಬ ಆ ಕಾಲದ ಘೋಷಣೆಯನ್ನು ಅನೇಕರು ಆಮೇಲೆ ಮರೆತುಬಿಟ್ಟರು. ಲಾರೆ ಅದನ್ನು ತಮ್ಮ ಶಸ್ತ್ರಚಿಕಿತ್ಸೆಯ ಮೇಜಿಗೆ ತಂದರು.

1792ರಲ್ಲಿ ಯುದ್ಧ ಆರಂಭವಾಯಿತು. ಲಾರೆಯವರನ್ನು ರೈನ್ ನದಿಯ ಸೈನ್ಯಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ಕಂಡ ಪದ್ಧತಿ ಹೀಗಿತ್ತು. ಸೈನ್ಯದ ಆಸ್ಪತ್ರೆ ಗಾಡಿಗಳು ರಣರಂಗದಿಂದ ಒಂದು ಹರದಾರಿಗೂ ಹೆಚ್ಚು ದೂರ ನಿಲ್ಲಬೇಕು ಎಂಬುದು ನಿಯಮ. ಭಾರವಾದ ಆ ಗಾಡಿಗಳನ್ನು ಎಳೆಯಲು ಹತ್ತಾರು ಕುದುರೆಗಳು ಬೇಕು. ಕಾಳಗ ಮುಗಿಯುವವರೆಗೆ ಗಾಯಾಳುಗಳು ಬಿದ್ದಲ್ಲೇ ಬಿದ್ದಿರುತ್ತಿದ್ದರು. ಗೆದ್ದರೆ ಸಂಜೆಗೋ ಮರುದಿನಕ್ಕೋ ಗಾಡಿಗಳು ಬರುತ್ತಿದ್ದವು, ಸೋತರೆ ಬರುತ್ತಲೇ ಇರಲಿಲ್ಲ. ಇಪ್ಪತ್ತನಾಲ್ಕು, ಮೂವತ್ತಾರು ಗಂಟೆ ಕಳೆದ ಮೇಲೆ ವೈದ್ಯನ ಕೈ ಸೇರಿದವನಲ್ಲಿ ಉಳಿಯುವ ಶಕ್ತಿಯೇ ಇರುತ್ತಿರಲಿಲ್ಲ. ಅಧಿಕಾರಿಗಳನ್ನಾದರೂ ಜೊತೆಗಾರರು ಹೊತ್ತು ತರುತ್ತಿದ್ದರು. ಸಾಮಾನ್ಯ ಸಿಪಾಯಿಗೆ ದಿಕ್ಕಿರಲಿಲ್ಲ.

ಇದೇ ಸೈನ್ಯದಲ್ಲಿ ಲಾರೆ ಇನ್ನೊಂದನ್ನೂ ಗಮನಿಸಿದರು. ಕುದುರೆಗಳು ಎಳೆಯುವ ಹಗುರವಾದ ಫಿರಂಗಿ ದಳ. ಅದನ್ನು ಹಾರುವ ಫಿರಂಗಿ ಎಂದೇ ಕರೆಯುತ್ತಿದ್ದರು. ಬೇಕಾದಲ್ಲಿ ಕ್ಷಣದಲ್ಲಿ ಬಂದು ಗುಂಡು ಹಾರಿಸಿ ಮತ್ತೊಂದು ಕಡೆಗೆ ಓಡುತ್ತಿತ್ತು. ಕೊಲ್ಲುವ ಯಂತ್ರಕ್ಕೆ ಇಷ್ಟು ವೇಗ ಕೊಡಲು ಸಾಧ್ಯವಾದರೆ ಬದುಕಿಸುವ ಗಾಡಿಗೆ ಏಕೆ ಸಾಧ್ಯವಿಲ್ಲ? ಲಾರೆ ತಮ್ಮ ಯೋಜನೆಯನ್ನು ಜನರಲ್ ಕಸ್ಟೀನ್ ಮುಂದಿಟ್ಟರು, ಅನುಮತಿ ಸಿಕ್ಕಿತು. ಅವರಿಗಾಗ ಇಪ್ಪತ್ತಾರು ವರ್ಷ.

ಈ ಗಾಡಿಯ ರಚನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಏಕೆಂದರೆ ಲಾರೆಯವರ ಬುದ್ಧಿವಂತಿಕೆ ಇರುವುದು ಸಣ್ಣ ಸಣ್ಣ ವಿವರಗಳಲ್ಲಿ. ಸಮತಟ್ಟಾದ ನೆಲಕ್ಕೆ ಎರಡು ಚಕ್ರದ, ಎರಡು ಕುದುರೆಗಳ ಗಾಡಿ. ಅದರಲ್ಲಿ ಇಬ್ಬರು ಗಾಯಾಳುಗಳು ಕೈಕಾಲು ಚಾಚಿ ಮಲಗಬಹುದು. ಗುಡ್ಡಗಾಡಿಗೆ ನಾಲ್ಕು ಚಕ್ರದ, ನಾಲ್ಕು ಕುದುರೆಗಳ, ನಾಲ್ವರನ್ನು ಹೊರುವ ಗಾಡಿ. ಕುಲುಕಾಟ ಕಡಿಮೆಯಾಗಲು ಗಾಡಿಯ ಮೈಯನ್ನು ಸ್ಪ್ರಿಂಗುಗಳ ಮೇಲೆ ಕೂರಿಸಲಾಗಿತ್ತು. ಗಾಳಿಯಾಡಲು ಪಕ್ಕದಲ್ಲಿ ಕಿಟಕಿ. ಒಳಗೆ ಚರ್ಮ ಹೊದಿಸಿದ ಹಾಸಿಗೆ, ರಕ್ತ ಸೋರಿದರೆ ತೊಳೆಯಬಹುದು. ಆ ಹಾಸಿಗೆಯ ಹಲಗೆಗೆ ಉರುಳೆಗಳಿದ್ದುದರಿಂದ ಮಲಗಿದವನನ್ನು ಎತ್ತದೆ, ಮಡಿಸದೆ ಒಳಕ್ಕೂ ಹೊರಕ್ಕೂ ಜಾರಿಸಬಹುದಾಗಿತ್ತು. ನಮ್ಮ ಹೆದ್ದಾರಿಗಳಲ್ಲಿ ಅಪಘಾತವಾದಾಗ ಒಳ್ಳೆಯ ಮನಸ್ಸಿನ ಜನರೇ ಕೈಯೊಬ್ಬರು ಕಾಲೊಬ್ಬರು ಹಿಡಿದು ಗಾಯಾಳುವನ್ನು ಆಟೋದೊಳಗೆ ತುರುಕುವುದನ್ನು ನೋಡಿದಾಗಲೆಲ್ಲ ನನಗೆ ಈ ಉರುಳೆಯ ಹಲಗೆ ನೆನಪಾಗುತ್ತದೆ.

ಗಾಡಿಯ ಜೊತೆಗೆ ಜನರೂ ಬೇಕಲ್ಲವೇ? ಇಟಲಿಯ ದಂಡಯಾತ್ರೆಯ ಕಾಲಕ್ಕೆ, 1797ರ ಹೊತ್ತಿಗೆ, ಲಾರೆ ಇದನ್ನು ಒಂದು ಪೂರ್ಣ ಪಡೆಯಾಗಿ ರೂಪಿಸಿದರು. ಒಟ್ಟು 340 ಮಂದಿ, ಮೂರು ವಿಭಾಗ, ಒಂದೊಂದು ವಿಭಾಗಕ್ಕೆ 12 ಹಗುರ ಗಾಡಿಗಳು. ಶಸ್ತ್ರವೈದ್ಯರು, ಸಹಾಯಕರು, ಗಾಡಿ ಹೊಡೆಯುವವರು, ಲಾಳ ಕಟ್ಟುವವನು, ಪಟ್ಟಿಬಟ್ಟೆ ಮತ್ತು ಉಪಕರಣಗಳ ಚೀಲ ಹೊರುವವರು, ಹೀಗೆ ಪ್ರತಿಯೊಬ್ಬನಿಗೂ ಗೊತ್ತುಪಡಿಸಿದ ಕೆಲಸ. ವೈದ್ಯರು ಕುದುರೆಯೇರಿ ಗುಂಡಿನ ಮಳೆಯ ನಡುವೆಯೇ ಗಾಯಾಳುವಿನ ಹತ್ತಿರ ಹೋಗಿ, ರಕ್ತ ನಿಲ್ಲಿಸಿ, ಪಟ್ಟಿ ಕಟ್ಟಿ, ಗಾಡಿಗೇರಿಸಿ ಕಳಿಸುತ್ತಿದ್ದರು. ಇಂದಿನ ಪ್ಯಾರಾಮೆಡಿಕ್ ಮಾಡುವುದೂ ಇದನ್ನೇ. ಅದೇ ಕಾಲದಲ್ಲಿ ಪೆರ್ಸಿ ಎಂಬ ಇನ್ನೊಬ್ಬ ಹಿರಿಯ ಸೇನಾ ವೈದ್ಯರು ಬೇರೆ ಬಗೆಯ ಗಾಡಿಯನ್ನು ಮಾಡಿದ್ದರು. ಉದ್ದನೆಯ ದಿಮ್ಮಿಯಂಥ ಆ ಗಾಡಿಯ ಮೇಲೆ ವೈದ್ಯರು ಕುದುರೆ ಸವಾರರಂತೆ ಕಾಲು ಇಳಿಬಿಟ್ಟು ಕೂತು ರಣರಂಗ ತಲುಪುತ್ತಿದ್ದರು. ಅದು ವೈದ್ಯರನ್ನು ಒಯ್ಯುವ ಗಾಡಿ. ಲಾರೆಯವರದು ಗಾಯಾಳುವನ್ನು ಹೊರತರುವ ಗಾಡಿ. ಸ್ಟ್ರೆಚರ್ ಹೊರುವವರ ತಂಡ ಕಟ್ಟಿದ ಕೀರ್ತಿ ಮಾತ್ರ ಪೆರ್ಸಿಯವರಿಗೇ ಸಲ್ಲಬೇಕು.

ಲಾರೆಯವರ ಎರಡನೆಯ ದೊಡ್ಡ ಕೊಡುಗೆ ಗಾಡಿಗಿಂತಲೂ ಮುಖ್ಯವಾದುದು. ನೂರು ಜನ ಒಟ್ಟಿಗೆ ಗಾಯಗೊಂಡು ಬಂದಾಗ ಮೊದಲು ಯಾರನ್ನು ನೋಡಬೇಕು? ಅಂದಿನವರೆಗೆ ಉತ್ತರ ಸುಲಭವಾಗಿತ್ತು. ಮೊದಲು ಜನರಲ್, ಆಮೇಲೆ ಕರ್ನಲ್, ಕೊನೆಗೆ ಉಳಿದವರು. ಲಾರೆ ಈ ಸಾಲನ್ನು ಒಡೆದರು. ಯಾರ ಗಾಯ ಅಪಾಯಕಾರಿಯೋ ಅವನು ಮೊದಲು. ಅವನು ಸಿಪಾಯಿಯೋ ಸೇನಾಪತಿಯೋ, ನಮ್ಮವನೋ ಶತ್ರುವೋ ಎಂದು ಕೇಳುವಂತಿಲ್ಲ. ಅಲ್ಪಸ್ವಲ್ಪ ಗಾಯವಾದವರು, ಅವರ ಭುಜದ ಮೇಲೆ ಎಷ್ಟೇ ಪಟ್ಟಿಗಳಿರಲಿ, ಕಾಯಬೇಕು. 1812ರಲ್ಲಿ ಹೊರಬಂದ ತಮ್ಮ ಸೇನಾ ಶಸ್ತ್ರಚಿಕಿತ್ಸೆಯ ಸ್ಮೃತಿಸಂಪುಟಗಳಲ್ಲಿ ಅವರು ಈ ನಿಯಮವನ್ನು ಬರೆದಿಟ್ಟಿದ್ದಾರೆ. ಇಂದು ಟ್ರಯಾಜ್ ಎಂದು ಕರೆಯುವ ವಿಂಗಡಣೆಯ ಬೇರು ಇದೇ. ರೈಲು ಅಪಘಾತವಾದಲ್ಲಿ, ಭೂಕಂಪವಾದಲ್ಲಿ ಗಾಯಾಳುಗಳ ಕೈಗೆ ಕೆಂಪು, ಹಳದಿ, ಹಸಿರು ಚೀಟಿ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಪದ್ಧತಿ.

1798ರಲ್ಲಿ ನೆಪೋಲಿಯನ್ ಬೋನಪಾರ್ಟೆ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಲಾರೆ ಆ ಸೈನ್ಯದ ಮುಖ್ಯ ಶಸ್ತ್ರವೈದ್ಯರಾಗಿದ್ದರು. ನೂರಕ್ಕೂ ಹೆಚ್ಚು ಶಸ್ತ್ರವೈದ್ಯರನ್ನು ಕೂಡಿಸಿಕೊಂಡು ಹೊರಟರು. ಮರಳುಗಾಡಿನಲ್ಲಿ ಚಕ್ರ ಹೂತುಹೋಗುತ್ತದೆ, ಕುದುರೆ ಬಳಲುತ್ತದೆ. ಲಾರೆ ಒಂಟೆಗಳತ್ತ ತಿರುಗಿದರು. ಒಂಟೆಯ ಡುಬ್ಬದ ಎರಡೂ ಪಕ್ಕಕ್ಕೆ ತೊಟ್ಟಿಲಿನಂಥ ಒಂದೊಂದು ಪೆಟ್ಟಿಗೆ, ಮಡಚಿ ಬಿಚ್ಚಬಹುದಾದ ಹಲಗೆ, ಅದರಲ್ಲಿ ಒಬ್ಬೊಬ್ಬ ಗಾಯಾಳು ಕಾಲು ಚಾಚಿ ಮಲಗಬಹುದು. ಅರಬ್ ವೈದ್ಯ ಪರಂಪರೆಯ ಇತಿಹಾಸ ಓದಿದವರಿಗೆ ಇದು ಹೊಸದಲ್ಲ. 12ನೆಯ ಶತಮಾನದಲ್ಲೇ ಸೆಲ್ಜುಕ್ ಸುಲ್ತಾನರ ಸೈನ್ಯದೊಂದಿಗೆ ಒಂಟೆಗಳ ಮೇಲೆ ಸಾಗುವ ಸಂಚಾರಿ ಬೀಮಾರಿಸ್ತಾನ್ ಇತ್ತು. ಔಷಧ, ಉಪಕರಣ, ಡೇರೆ ಎಲ್ಲವನ್ನೂ ಒಂಟೆಗಳೇ ಹೊರುತ್ತಿದ್ದವು. ಆ ನೆಲದ ಪ್ರಾಣಿಯೇ ಆ ನೆಲಕ್ಕೆ ತಕ್ಕ ವಾಹನ ಎಂಬುದು ಅಲ್ಲಿನವರಿಗೆ ಮೊದಲೇ ಗೊತ್ತಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಸೈನ್ಯ ಈಜಿಪ್ಟಿಗೆ ಹೋದದ್ದು ಪರರ ನಾಡನ್ನು ವಶಪಡಿಸಿಕೊಳ್ಳಲು. 1798ರ ಅಕ್ಟೋಬರಿನಲ್ಲಿ ಕೈರೋ ಜನ ದಂಗೆಯೆದ್ದಾಗ ಅದು ಅಲ್ ಅಝ್‌ಹರ್ ಮಸೀದಿಯ ಮೇಲೆ ಫಿರಂಗಿ ಹಾರಿಸಿತು, ಒಳಗೆ ಕುದುರೆಗಳನ್ನು ನುಗ್ಗಿಸಿತು. 1799ರ ಮಾರ್ಚಿನಲ್ಲಿ ಜಾಫಾ ನಗರದಲ್ಲಿ ಶರಣಾದ ಸಾವಿರಾರು ಸೈನಿಕರನ್ನು ನೆಪೋಲಿಯನ್ನನ ಆಜ್ಞೆಯಂತೆ ಕೊಲ್ಲಲಾಯಿತು. ಇಂಥ ಸೈನ್ಯದ ಬೆನ್ನಿಗೆ ನಿಂತು ಗಾಯ ಕಟ್ಟಿದವರನ್ನು ನಾವು ಹೇಗೆ ನೋಡಬೇಕು? ಲಾರೆ ನೆಪೋಲಿಯನ್ನನನ್ನು ಕೊನೆಯವರೆಗೂ ಮೆಚ್ಚಿಕೊಂಡಿದ್ದರು ಎಂಬುದು ನಿಜ. ಅವರ ಕೈಗೆ ಬಂದ ಗಾಯಾಳು ಮಮ್ಲೂಕನಾಗಿದ್ದರೂ ತುರ್ಕನಾಗಿದ್ದರೂ ಅದೇ ಚಿಕಿತ್ಸೆ ಪಡೆದ ಎಂಬುದೂ ನಿಜ. ಒಂದು ಸತ್ಯ ಇನ್ನೊಂದನ್ನು ಅಳಿಸುವುದಿಲ್ಲ, ಎರಡನ್ನೂ ಜೊತೆಗಿಟ್ಟುಕೊಂಡೇ ಅವರ ಬದುಕನ್ನು ಓದಬೇಕೆಂದು ನನಗನಿಸುತ್ತದೆ.

ಕನ್ನಡ ನಾಡಿನ ಓದುಗರಿಗೆ ಇಲ್ಲಿ ಇನ್ನೊಂದು ನೆನಪೂ ಉಂಟು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಮೈಸೂರಿನ ಟಿಪ್ಪು ಸುಲ್ತಾನರಿಗೆ ಪತ್ರ ಬರೆದಿದ್ದ. ಬ್ರಿಟಿಷರಿಂದ ಮೈಸೂರನ್ನು ಬಿಡಿಸಲು ತಾನು ಕೆಂಪು ಸಮುದ್ರದ ದಡಕ್ಕೆ ಬಂದಿರುವುದಾಗಿ ಅದರಲ್ಲಿ ತಿಳಿಸಿದ್ದ. ಆ ಪತ್ರ ಶ್ರೀರಂಗಪಟ್ಟಣ ತಲುಪಲಿಲ್ಲ, ಬ್ರಿಟಿಷರ ಕೈ ಸೇರಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ರಣರಂಗದಲ್ಲೇ ಮಡಿದಾಗ, ನೆಪೋಲಿಯನ್ನನ ಸೈನ್ಯ ಪ್ಯಾಲೆಸ್ತೀನಿನ ಅಕ್ಕಾ ಕೋಟೆಯ ಮುಂದೆ ಮುಗ್ಗರಿಸಿ ನಿಂತಿತ್ತು. ಅಲ್ಲಿನ ಕಂದಕಗಳ ಹಿಂದೆ ಲಾರೆ ಗಾಯಾಳುಗಳ ನಡುವೆ ಮುಳುಗಿದ್ದರು.

ಅಕ್ಕಾ ಮುತ್ತಿಗೆ ಮಾರ್ಚ್‌ನಿಂದ ಮೇ 20ರವರೆಗೆ ನಡೆದು ವಿಫಲವಾಯಿತು. ಒಂದು ಕಡೆ ಪ್ಲೇಗು, ಇನ್ನೊಂದು ಕಡೆ ಗಾಯ. ಈ ನರಕದಲ್ಲೂ ಲಾರೆ ನೋಡುವುದನ್ನು ಬಿಡಲಿಲ್ಲ. ಸಿರಿಯಾದ ಬಿಸಿಲಿನಲ್ಲಿ ಗಾಯಗಳಿಗೆ ನೊಣ ಮುತ್ತಿ ಹುಳುಗಳಾಗುತ್ತಿದ್ದವು. ಸೈನಿಕರು ಹೇಸಿಕೊಂಡು ಗೋಳಾಡುತ್ತಿದ್ದರು. ಆದರೆ ಹುಳು ಬಿದ್ದ ಗಾಯಗಳೇ ಬೇಗ ಮಾಯುವುದನ್ನು ಲಾರೆ ಗುರುತಿಸಿದರು. ಹುಳುಗಳು ಕೊಳೆತ ಮಾಂಸವನ್ನಷ್ಟೇ ತಿಂದು ಜೀವಂತ ಮಾಂಸವನ್ನು ಮುಟ್ಟುತ್ತಿರಲಿಲ್ಲ. ಎರಡು ಶತಮಾನದ ಬಳಿಕ, 2004ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಪ್ರಯೋಗಾಲಯದಲ್ಲಿ ಬೆಳೆಸಿದ ಇಂಥ ಹುಳುಗಳನ್ನು ಮಾಯದ ಹುಣ್ಣುಗಳ ಚಿಕಿತ್ಸೆಗೆ ಬಳಸಲು ಅನುಮತಿ ಕೊಟ್ಟಿತು. ಆ ವರ್ಷದ ಜುಲೈ 25ರಂದು ಅಬುಕೀರ್ ಕಾಳಗ ನಡೆಯಿತು. ಜನರಲ್ ಫುಜಿಯೇರ್ ಎಂಬಾತನ ತೋಳನ್ನು ಭುಜದ ಕೀಲಿನಿಂದಲೇ ತೆಗೆದು ಲಾರೆ ಅವನನ್ನು ಉಳಿಸಿದರು. ನೆಪೋಲಿಯನ್ ಮೆಚ್ಚಿ, ಅಬುಕೀರ್ ಮತ್ತು ಲಾರೆ ಎಂಬ ಎರಡು ಹೆಸರುಗಳನ್ನು ಕೆತ್ತಿಸಿದ ಖಡ್ಗವೊಂದನ್ನು ಅವರಿಗೆ ಕೊಟ್ಟ.

ಇಲ್ಲಿ ಅಂಗಚ್ಛೇದನದ ಬಗ್ಗೆ ಸ್ವಲ್ಪ ಹೇಳದಿದ್ದರೆ ಲಾರೆಯವರ ಕೆಲಸ ಅರ್ಥವಾಗುವುದಿಲ್ಲ. ಅವರ ಹೆಸರು ಹೇಳಿದ ಕೂಡಲೇ ಕೈಕಾಲು ಕತ್ತರಿಸುವ ವೈದ್ಯ ಎಂದು ಹಲವರು ಮುಖ ಸಿಂಡರಿಸುತ್ತಾರೆ. ಅಂದಿನ ಬಂದೂಕಿನ ಸೀಸದ ಗುಂಡು ಮೆತ್ತಗಿತ್ತು. ಮೂಳೆಗೆ ಬಡಿದರೆ ಚಪ್ಪಟೆಯಾಗಿ ಮೂಳೆಯನ್ನು ಪುಡಿಪುಡಿ ಮಾಡುತ್ತಿತ್ತು, ಜೊತೆಗೆ ಅಂಗಿಯ ಚೂರು, ಮಣ್ಣು, ಸಗಣಿಯನ್ನು ಗಾಯದೊಳಗೆ ಎಳೆದೊಯ್ಯುತ್ತಿತ್ತು. ಈಥರ್ ಅರಿವಳಿಕೆ ಬಂದದ್ದು 1846ರಲ್ಲಿ. ಲಿಸ್ಟರ್ ಅವರ ನಂಜುನಿರೋಧಕ ಪದ್ಧತಿ ಪ್ರಕಟವಾದದ್ದು 1867ರಲ್ಲಿ. ಹೀಗಿರುವಾಗ ಪುಡಿಯಾದ ಕಾಲನ್ನು ಉಳಿಸಲು ಹೋದರೆ ಗ್ಯಾಂಗ್ರೀನ್ ಅಥವಾ ಧನುರ್ವಾಯು ಮನುಷ್ಯನನ್ನೇ ಒಯ್ಯುತ್ತಿತ್ತು. ಕತ್ತರಿಸುವುದೇ ಆದರೆ ಕೆಲವು ವಾರ ಕಾದು ಜ್ವರ ಇಳಿದ ಮೇಲೆ ಕತ್ತರಿಸಬೇಕು ಎಂದು ಹಿಂದಿನ ತಲೆಮಾರಿನ ಪಂಡಿತರು ವಾದಿಸಿದ್ದರು. ಲಾರೆ ಇದಕ್ಕೆ ತೀರಾ ವಿರುದ್ಧ. ಮೊದಲ 24 ಗಂಟೆಯೊಳಗೆ ಮಾಡಿ ಮುಗಿಸಬೇಕು ಎಂದರು. ಗಾಯವಾದ ಹೊಸತರಲ್ಲಿ ಅಂಗ ಮರಗಟ್ಟಿರುತ್ತದೆ, ನೋವು ಕಡಿಮೆ, ರಕ್ತವೂ ಕಡಿಮೆ ಹೋಗುತ್ತದೆ, ನಂಜು ಇನ್ನೂ ಹರಡಿರುವುದಿಲ್ಲ ಎಂಬುದು ಅವರ ಅನುಭವ. ಬೇಗ ಕತ್ತರಿಸಬೇಕಾದರೆ ಬೇಗ ತಲುಪಬೇಕು. ಹಾರುವ ಗಾಡಿಗೂ ಈ ಸಿದ್ಧಾಂತಕ್ಕೂ ಇರುವ ನಂಟು ಇದು, ಒಂದಿಲ್ಲದೆ ಇನ್ನೊಂದಿಲ್ಲ. ಅರಿವಳಿಕೆಯಿಲ್ಲದ ಕಾಲದಲ್ಲಿ ವೇಗವೇ ಕರುಣೆ. ಒಂದು ಕಾಲನ್ನು ತೆಗೆಯಲು ಅವರಿಗೆ ಎರಡು ಮೂರು ನಿಮಿಷ ಸಾಕಾಗುತ್ತಿತ್ತು.

ರಣರಂಗದ ಹೊರಗೂ ಈ ಕೈಚಳಕ ಒಬ್ಬರನ್ನು ಬದುಕಿಸಿತು. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಯವರ ಸ್ತನದ ಗಡ್ಡೆಯನ್ನು ಲಾರೆ ತೆಗೆದರು. ಸ್ವಲ್ಪ ಮದ್ಯ ಕುಡಿಸಿದ್ದು ಬಿಟ್ಟರೆ ನೋವಿಗೆ ಬೇರೇನೂ ಇರಲಿಲ್ಲ. ಆಕೆ ಎಚ್ಚರವಿದ್ದೇ ಅದನ್ನು ಸಹಿಸಿದರು, ತಿಂಗಳುಗಳ ಬಳಿಕ ಅಕ್ಕನಿಗೆ ಬರೆದ ಪತ್ರದಲ್ಲಿ ಎಲ್ಲವನ್ನೂ ವಿವರಿಸಿದರು, ಮುಂದೆ 1840ರವರೆಗೆ ಬಾಳಿದರು.

1807ರ ಫೆಬ್ರುವರಿಯಲ್ಲಿ ಐಲಾವ್ ಎಂಬಲ್ಲಿ ಹಿಮದ ನಡುವೆ ಭೀಕರ ಕಾಳಗ. ಚಳಿಗೆ ಸಹಾಯಕರ ಕೈಗಳಿಂದ ಉಪಕರಣಗಳು ಜಾರಿ ಬೀಳುತ್ತಿದ್ದವು. ಹೆಪ್ಪುಗಟ್ಟಿದ ಅಂಗವನ್ನು ಕತ್ತರಿಸುವಾಗ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂಬುದನ್ನು ಲಾರೆ ಅಲ್ಲಿ ಕಂಡುಕೊಂಡರು. ಚಳಿಯಿಂದ ಮರಗಟ್ಟಿದ ಕಾಲನ್ನು ನೇರವಾಗಿ ಬೆಂಕಿಗೆ ಹಿಡಿದವರಿಗೇ ಹೆಚ್ಚಾಗಿ ಗ್ಯಾಂಗ್ರೀನ್ ಆಗುವುದನ್ನೂ ಗಮನಿಸಿದರು. ಅದಕ್ಕೆ ಅವರು ಸೂಚಿಸಿದ ಮದ್ದು ಮಾತ್ರ ತಪ್ಪು. ಹಿಮದಿಂದ ಉಜ್ಜಬೇಕು ಎಂದರು. ನೂರಕ್ಕೂ ಹೆಚ್ಚು ವರ್ಷ ಜಗತ್ತು ಅದನ್ನೇ ನಂಬಿತು. ಉಜ್ಜಿದರೆ ಚರ್ಮ ಇನ್ನಷ್ಟು ಹಾಳಾಗುತ್ತದೆ, 37ರಿಂದ 39 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಅದ್ದಿಡಬೇಕು ಎಂಬುದು ಇಂದಿನ ಚಿಕಿತ್ಸೆ. ದೊಡ್ಡವರ ಕಣ್ಣು ಸರಿಯಾಗಿ ಕಂಡರೂ ಕೈ ತಪ್ಪಬಹುದು.

1809ರ ಮೇ ತಿಂಗಳಲ್ಲಿ ವಿಯೆನ್ನಾ ಬಳಿಯ ಕಾಳಗದಲ್ಲಿ ಸೋತ ಫ್ರೆಂಚ್ ಸೈನ್ಯ ಡ್ಯಾನ್ಯೂಬ್ ನದಿಯ ಲೋಬಾವ್ ದ್ವೀಪದಲ್ಲಿ ಸಿಕ್ಕಿಬಿತ್ತು. ಸೇತುವೆಗಳು ಮುರಿದಿದ್ದವು, ಸಾವಿರಾರು ಗಾಯಾಳುಗಳಿಗೆ ಊಟವಿಲ್ಲ. ರಕ್ತ ಕಳೆದುಕೊಂಡವನಿಗೆ ಆಹಾರವೂ ಔಷಧವೇ. ಲಾರೆ ಅಧಿಕಾರಿಗಳ ಕುದುರೆಗಳನ್ನು ಕೊಲ್ಲಿಸಿ ಸಾರು ಕಾಸಿದರು. ಪಾತ್ರೆಯಿಲ್ಲದಾಗ ಸವಾರರ ಎದೆಕವಚಗಳೇ ಪಾತ್ರೆಯಾದವು, ಉಪ್ಪಿಲ್ಲದಾಗ ಮದ್ದುಗುಂಡಿನ ಪುಡಿಯೇ ಉಪ್ಪಾಯಿತು. ತಮ್ಮ ಕುದುರೆಗಳು ಹೋದವೆಂದು ದೊಡ್ಡ ಅಧಿಕಾರಿಗಳು ನೆಪೋಲಿಯನ್ನನಿಗೆ ದೂರು ಕೊಟ್ಟರು. ವಿಷಯ ತಿಳಿದು ಅವನು ಲಾರೆಯವರನ್ನೇ ಸಮರ್ಥಿಸಿದ. ಅಲ್ಲೇ ನೆಪೋಲಿಯನ್ನನ ಆಪ್ತ ಸೇನಾನಿ ಲಾನ್‌ನ ಕಾಲನ್ನು ಲಾರೆ ಕತ್ತರಿಸಿದರು, ಆತ ಕೆಲವೇ ದಿನಗಳಲ್ಲಿ ಸತ್ತ. ಎಲ್ಲರನ್ನೂ ಉಳಿಸಲು ಅವರಿಂದ ಆಗಲಿಲ್ಲ. ಆ ವರ್ಷವೇ ಅವರಿಗೆ ಬ್ಯಾರನ್ ಪದವಿ ದೊರೆಯಿತು.

1812ರ ರಷ್ಯಾ ದಂಡಯಾತ್ರೆಯನ್ನು ಎಲ್ಲರೂ ಓದಿದ್ದೀರಿ. ಸೆಪ್ಟೆಂಬರ್ 7ರ ಬೊರೊಡಿನೊ ಕಾಳಗದಲ್ಲಿ ಲಾರೆ ಒಂದು ಹಗಲು ಒಂದು ರಾತ್ರಿಯಲ್ಲಿ ಸುಮಾರು 200 ಅಂಗಚ್ಛೇದನ ಮಾಡಿದರು. ಲೆಕ್ಕ ಹಾಕಿದರೆ ಏಳು ನಿಮಿಷಕ್ಕೊಂದು. ಹಿಮ್ಮೆಟ್ಟುವಾಗ ಕೋಟಿನ ಗುಂಡಿಗೆ ಚಿಕ್ಕ ಥರ್ಮಾಮೀಟರ್ ತೂಗುಹಾಕಿಕೊಂಡು ದಿನದಿನದ ಚಳಿಯನ್ನು ಬರೆದಿಡುತ್ತಿದ್ದರು. ನವೆಂಬರಿನಲ್ಲಿ ಬೆರೆಜಿನಾ ನದಿಯ ಸೇತುವೆಯ ಬಳಿ ಜನ ಒಬ್ಬರನ್ನೊಬ್ಬರು ತುಳಿದು ಸಾಯುತ್ತಿದ್ದರು. ಶಸ್ತ್ರಚಿಕಿತ್ಸೆಯ ಉಪಕರಣಗಳಿಗಾಗಿ ಹಿಂದಿನ ದಡಕ್ಕೆ ಮರಳಿದ್ದ ಲಾರೆ ಆ ನೂಕುನುಗ್ಗಲಿನಲ್ಲಿ ಸಿಕ್ಕಿಬಿದ್ದರು. ಅವರ ಗುರುತು ಹಿಡಿದ ಸಿಪಾಯಿಗಳು ಅವರನ್ನು ಎತ್ತಿ, ತಲೆಗಳ ಮೇಲಿನಿಂದ ಕೈಯಿಂದ ಕೈಗೆ ದಾಟಿಸಿ ಆಚೆ ದಡ ಮುಟ್ಟಿಸಿದರು. ತನ್ನ ಪ್ರಾಣಕ್ಕಾಗಿ ಪಕ್ಕದವನನ್ನು ನದಿಗೆ ತಳ್ಳುತ್ತಿದ್ದ ಜನ ಅದು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಸಾಹಸಗಳಿಗಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು 1813ರ ಒಂದು ಪ್ರಸಂಗ. ಅದರಲ್ಲಿ ಗಾಡಿಯೂ ಇಲ್ಲ, ಗರಗಸವೂ ಇಲ್ಲ. ರಷ್ಯಾದಲ್ಲಿ ಹಳೆಯ ಸೈನ್ಯ ನಾಶವಾಗಿ, ಫ್ರಾನ್ಸಿನ ಹದಿಹರೆಯದ ಹುಡುಗರನ್ನೇ ಬಲವಂತವಾಗಿ ಸೈನ್ಯಕ್ಕೆ ಸೇರಿಸಲಾಗಿತ್ತು. ಮೇ ತಿಂಗಳಲ್ಲಿ ಲುಟ್ಜೆನ್ ಮತ್ತು ಬೌಟ್ಜೆನ್ ಕಾಳಗಗಳ ಬಳಿಕ ಎರಡು ಸಾವಿರಕ್ಕೂ ಹೆಚ್ಚು ಹುಡುಗರು ಕೈಗೆ, ಬೆರಳಿಗೆ ಗುಂಡು ತಗಲಿಸಿಕೊಂಡು ಬಂದರು. ಯುದ್ಧ ತಪ್ಪಿಸಿಕೊಳ್ಳಲು ಇವರೇ ತಮ್ಮ ಕೈಗೆ ಗುಂಡು ಹೊಡೆದುಕೊಂಡಿದ್ದಾರೆ ಎಂದು ದೊಡ್ಡ ದೊಡ್ಡ ಸೇನಾನಿಗಳು ನೆಪೋಲಿಯನ್ನನ ಕಿವಿಯೂದಿದರು. ಕೆಲವರನ್ನು ಆರಿಸಿ ಎಲ್ಲರ ಎದುರು ಗುಂಡಿಕ್ಕಿ ಕೊಲ್ಲಬೇಕು, ಉಳಿದವರಿಗೆ ಪಾಠವಾಗುತ್ತದೆ ಎಂಬ ತೀರ್ಮಾನ ಸಿದ್ಧವಾಗಿತ್ತು. ಪರೀಕ್ಷೆ ಮಾಡಿ ವರದಿ ಕೊಡುವಂತೆ ಲಾರೆಯವರಿಗೆ ಹೇಳಲಾಯಿತು. ಚಕ್ರವರ್ತಿಗೆ ಬೇಕಾದ ಉತ್ತರ ಏನೆಂದು ಅವರಿಗೆ ಗೊತ್ತಿತ್ತು. ಆದರೂ ಅವರು ಒಬ್ಬೊಬ್ಬ ಹುಡುಗನ ಗಾಯವನ್ನೂ ದಿನಗಟ್ಟಲೆ ಕೂತು ನೋಡಿದರು. ನಿಜಸಂಗತಿ ಬಯಲಾಯಿತು. ಸೈನಿಕರು ಮೂರು ಸಾಲಾಗಿ ನಿಂತು ಗುಂಡು ಹಾರಿಸುತ್ತಿದ್ದರು. ತರಬೇತಿಯಿಲ್ಲದ ಹಿಂದಿನ ಸಾಲಿನ ಹುಡುಗರ ಗುಂಡುಗಳು ಮುಂದಿನ ಸಾಲಿನವರ ಎತ್ತಿದ ಕೈಗಳಿಗೆ ಬಡಿಯುತ್ತಿದ್ದವು. ಯಾರ ಮೇಲೂ ಅಪರಾಧ ಹೊರಿಸಲು ಆಧಾರವಿಲ್ಲ ಎಂದು ಲಾರೆ ವರದಿ ಬರೆದು ಸ್ವತಃ ಒಯ್ದು ಕೊಟ್ಟರು. ನೆಪೋಲಿಯನ್ ಮೊದಲು ಸಿಡುಕಿದ, ಆಮೇಲೆ ಓದಿ ಒಪ್ಪಿಕೊಂಡ. ಹುಡುಗರು ಉಳಿದರು. ವಜ್ರ ಕೂಡಿಸಿದ ತನ್ನ ಚಿತ್ರವನ್ನೂ ವರ್ಷಾಶನವನ್ನೂ ಅವನು ಲಾರೆಯವರಿಗೆ ಕಳಿಸಿಕೊಟ್ಟ. ಬಹುಮಾನ ಬಂದದ್ದು ದೊಡ್ಡದಲ್ಲ. ವರದಿ ಕೊಡುವ ಹೊತ್ತಿಗೆ ಬಹುಮಾನವೋ ಶಿಕ್ಷೆಯೋ ಎಂಬುದು ಅವರಿಗೆ ಗೊತ್ತಿರಲಿಲ್ಲ.

1815ರ ಜೂನ್ 18, ವಾಟರ್ಲೂ. ಗುಂಡಿನ ಹೊಗೆಯ ನಡುವೆ ಗಾಯಾಳುಗಳನ್ನು ಎತ್ತುತ್ತಿದ್ದ ಲಾರೆಯವರನ್ನು ದೂರದಿಂದ ಕಂಡ ವೆಲಿಂಗ್ಟನ್, ಆ ಕಡೆ ಗುಂಡು ಹಾರಿಸದಂತೆ ಹೇಳಿ ಟೋಪಿ ತೆಗೆದು ಗೌರವಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಸಂಜೆ ಪ್ರಶ್ಯನ್ ಸವಾರರು ಅವರನ್ನು ಕತ್ತಿಯಿಂದ ಗಾಯಗೊಳಿಸಿ ಸೆರೆಹಿಡಿದರು. ಗುಂಡಿಕ್ಕಲು ಆಜ್ಞೆಯೂ ಆಯಿತು. ಕಣ್ಣಿಗೆ ಬಟ್ಟೆ ಕಟ್ಟುವ ಹೊತ್ತಿಗೆ ಅಲ್ಲಿದ್ದ ಒಬ್ಬ ಪ್ರಶ್ಯನ್ ವೈದ್ಯ ಅವರನ್ನು ಗುರುತಿಸಿದ. ಹಿಂದೆ ಬರ್ಲಿನ್ನಿನಲ್ಲಿ ಲಾರೆಯವರ ಉಪನ್ಯಾಸ ಕೇಳಿದ್ದವನು ಆತ. ಅವರನ್ನು ಸೇನಾಪತಿ ಬ್ಲೂಖರ್ ಬಳಿಗೆ ಒಯ್ದರು. ಈ ಮೊದಲು ಗಾಯಗೊಂಡು ಫ್ರೆಂಚರ ಸೆರೆಯಲ್ಲಿದ್ದ ಬ್ಲೂಖರನ ಮಗನಿಗೆ ಚಿಕಿತ್ಸೆ ಕೊಟ್ಟವರು ಇದೇ ಲಾರೆ. ಬ್ಲೂಖರ್ ಅವರನ್ನು ಬಿಡುಗಡೆ ಮಾಡಿ ಕಾವಲಿನೊಂದಿಗೆ ಕಳಿಸಿಕೊಟ್ಟ.

ನೆಪೋಲಿಯನ್ ಬಿದ್ದ ಮೇಲೆ ಲಾರೆಯವರ ಪದವಿ, ವರ್ಷಾಶನ ಹೋದವು, ಕೆಲವು ವರ್ಷಗಳ ನಂತರ ವರ್ಷಾಶನ ಮರಳಿತು. 1820ರಲ್ಲಿ ಸ್ಥಾಪನೆಯಾದ ವೈದ್ಯಕೀಯ ಅಕಾಡೆಮಿಗೂ 1829ರಲ್ಲಿ ವಿಜ್ಞಾನ ಅಕಾಡೆಮಿಗೂ ಸದಸ್ಯರಾದರು. 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಸತ್ತ ನೆಪೋಲಿಯನ್ ತನ್ನ ಮರಣಶಾಸನದಲ್ಲಿ ಲಾರೆಯವರಿಗೆ ಒಂದು ಲಕ್ಷ ಫ್ರಾಂಕ್ ಬರೆದಿಟ್ಟು, ತಾನು ಕಂಡವರಲ್ಲಿ ಅತ್ಯಂತ ಸದ್ಗುಣಿ ಎಂದು ಹೊಗಳಿದ್ದ. ಲಾರೆಯವರಲ್ಲಿ ದೋಷವಿರಲಿಲ್ಲವೆಂದಲ್ಲ. ತಮ್ಮ ಸಾಧನೆಯನ್ನು ತಾವೇ ಹೇಳಿಕೊಳ್ಳುವ ಚಟ ಅವರಿಗಿತ್ತು. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಅದು ಹಿಡಿಸುತ್ತಿರಲಿಲ್ಲ.

ಬೇಸರದ ಸಂಗತಿಯೆಂದರೆ ಅವರ ಹಾರುವ ಆಂಬುಲೆನ್ಸ್ ಅವರ ಕಾಲದಲ್ಲೇ ಇಡೀ ಸೈನ್ಯಕ್ಕೆ ಹರಡಲಿಲ್ಲ. ಅದರ ಪ್ರಯೋಜನ ಹೆಚ್ಚಾಗಿ ಚಕ್ರವರ್ತಿಯ ಅಂಗರಕ್ಷಕ ಪಡೆಗೇ ಸಿಕ್ಕಿತು. ಯುದ್ಧ ಮುಗಿದ ಮೇಲೆ ಸರ್ಕಾರಗಳು ಮರೆತವು. 1859ರ ಸೋಲ್ಫೆರಿನೊ ಕಾಳಗದಲ್ಲಿ ಮತ್ತೆ ಸಾವಿರಾರು ಗಾಯಾಳುಗಳು ಬಿದ್ದಲ್ಲೇ ಬಿದ್ದಿದ್ದರು. ಆ ಸೈನ್ಯದ ಮುಖ್ಯ ವೈದ್ಯರು ಲಾರೆಯವರ ಮಗ ಹಿಪ್ಪೊಲಿಟ್! ಆ ದೃಶ್ಯ ಕಂಡ ಹೆನ್ರಿ ಡ್ಯುನಾಂಟ್ ಅವರ ಯತ್ನದಿಂದ ರೆಡ್ ಕ್ರಾಸ್ ಹುಟ್ಟಿತು, 1864ರ ಜಿನೀವಾ ಒಪ್ಪಂದವಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ 1862ರಿಂದ ಜೊನಾಥನ್ ಲೆಟರ್‌ಮನ್ ಇಡೀ ಸೈನ್ಯಕ್ಕೆ ಆಂಬುಲೆನ್ಸ್ ಪಡೆ ಕಟ್ಟಿದರು. ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರ್‌ಗಳು ಬಂದು ಆಂಬುಲೆನ್ಸ್ ನಿಜವಾಗಿಯೂ ಹಾರತೊಡಗಿತು. 2009ರಲ್ಲಿ ಅಮೆರಿಕದ ರಕ್ಷಣಾ ಸಚಿವರು ಅಫ್ಘಾನಿಸ್ತಾನದಲ್ಲಿ ಗಾಯಗೊಂಡ ತಮ್ಮ ಸೈನಿಕರನ್ನು 60 ನಿಮಿಷದೊಳಗೆ ಚಿಕಿತ್ಸೆಗೆ ತಲುಪಿಸಬೇಕೆಂದು ಆಜ್ಞೆ ಮಾಡಿದರು. ಲಾರೆಯವರ 24 ಗಂಟೆ ಒಂದು ಗಂಟೆಗೆ ಇಳಿಯಲು ಎರಡು ಶತಮಾನ ಬೇಕಾಯಿತು.

ಪತ್ನಿ ಶಾರ್ಲೊಟ್ ಒಳ್ಳೆಯ ಚಿತ್ರಕಲಾವಿದೆ. 1794ರಲ್ಲಿ ಮದುವೆಯಾದಂದಿನಿಂದ ವರ್ಷಗಟ್ಟಲೆ ಗಂಡನ ದಾರಿ ಕಾಯುವುದೇ ಆಕೆಯ ಪಾಲಿಗೆ ಬಂತು. 1842ರಲ್ಲಿ ಎಪ್ಪತ್ತೈದು ದಾಟಿದ ಲಾರೆ ಮಗನೊಂದಿಗೆ ಅಲ್ಜೀರಿಯಾಕ್ಕೆ ಹೋದರು. ಅಲ್ಲಿನ ಸೇನಾ ಆಸ್ಪತ್ರೆಗಳ ತಪಾಸಣೆ ಅವರ ಕೊನೆಯ ಕೆಲಸ. ಹಿಂದಿರುಗುವಾಗ ಕಾಯಿಲೆ ಬಿದ್ದು ಜುಲೈ 25ರಂದು ಲಿಯೋನ್ ನಗರದಲ್ಲಿ ತೀರಿಕೊಂಡರು. ಅಬುಕೀರ್ ಕಾಳಗ ನಡೆದದ್ದೂ ಅದೇ ತಾರೀಖಿನಂದು. ಮೂರು ದಿನ ಮೊದಲು ಶಾರ್ಲೊಟ್ ತೀರಿಕೊಂಡಿದ್ದರು. ಹಳೆಯ ಸೈನಿಕರ ನಡುವೆ ಇನ್ವಾಲಿಡ್ಸ್ ಆವರಣದಲ್ಲಿ ತನ್ನನ್ನು ಮಣ್ಣು ಮಾಡಬೇಕೆಂಬುದು ಲಾರೆಯವರ ಆಸೆಯಾಗಿತ್ತು. ಸರ್ಕಾರ ಒಪ್ಪಲಿಲ್ಲ, ಪ್ಯಾರಿಸ್ಸಿನ ಸಾರ್ವಜನಿಕ ಸ್ಮಶಾನದಲ್ಲಿ ಹೂಳಲಾಯಿತು. ನೂರೈವತ್ತು ವರ್ಷಗಳ ಬಳಿಕ, 1992ರ ಡಿಸೆಂಬರಿನಲ್ಲಿ, ಅವರ ಅವಶೇಷಗಳನ್ನು ಅಲ್ಲಿಂದ ತೆಗೆದು ಇನ್ವಾಲಿಡ್ಸ್‌ಗೆ ತಂದರು.